ಬೆನ್ನು ಬಿಳಿಚಿದ ಗಾರ್ಡ್

"ಮುಟ್ಟಬೇಡ, ಕೈ ಸುಟ್ಟುಕೊಳ್ತೀಯ," ಎಂದು ಬರ್ಟ್ ಹೇಳುವಷ್ಟರಲ್ಲಿ ಇಮೊಜೀನ್ ರಸ್ಕ್ ಮುಟ್ಟಿಯಾಗಿತ್ತು. ಕರೆಂಟ್ ಕಂಬದ ತಗಡಿನ ಮುಚ್ಚಳ ದೋಸೆ ಕಾವಲಿಯಂತೆ ಕಾದಿತ್ತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡಳು, ಗಂಡನಿಗೆ ಕೇಳದ ಹಾಗೆ ಒಂದು ಬೈಗುಳ ಬೈದಳು, ಆಮೇಲೆ ಅಂಗಿಯ ಚುಂಗಿನಿಂದ ಮುಚ್ಚಳ ಎತ್ತಿದಳು.

"ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ಕಣೋ. ಸುಟ್ಟ ಮೇಲೆ ಕೇಳಿಸ್ತು."

ಇದು ವೆರ್ನನ್ ಟಲ್‌ನ ಕಂಬ. ಮೊನ್ನೆ ಶನಿವಾರ, ಪಾರ್ಕಿನ ವಾರ್ಷಿಕ ಹಬ್ಬದ ಜನಜಂಗುಳಿಯ ನಡುವೆ, ಎಂಬತ್ತು ದಾಟಿದ ವೆರ್ನನ್ ತನ್ನ ಟ್ರೇಲರಿನೊಳಗೆ, ಅಂದರೆ ಗಾಲಿಯ ಮೇಲಿನ ತಗಡಿನ ಮನೆಯೊಳಗೆ, ಸೆಕೆಗೆ ಬೆಂದು ಸತ್ತಿದ್ದ. ಏಸಿ ನಿಂತಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ಅಂದಿನಿಂದ, ಇಂಥ ಟ್ರೇಲರುಗಳು ಸಾಲಾಗಿ ನಿಂತ ಪೀಕನ್ ಬೆಂಡ್ ಪಾರ್ಕಿನಲ್ಲಿ ಎಲ್ಲರ ಬೆರಳೂ ಒಬ್ಬಳ ಕಡೆಗೇ ತಿರುಗಿತ್ತು. ಪಕ್ಕದ ಟ್ರೇಲರಿನ ಕ್ಲಿಯೋ ಬಾರ್‌ಫೀಲ್ಡ್ ಕಡೆಗೆ.

ಕಾರಣ ಅವಳ ಬೂಸ್ಟರ್. ಟೆಕ್ಸಾಸ್‌ನ ಜುಲೈ ತಿಂಗಳಲ್ಲಿ ಸಾಲಿನ ಅಷ್ಟೂ ಟ್ರೇಲರುಗಳ ಏಸಿ ಒಟ್ಟಿಗೆ ಓಡಿದರೆ ಪಾರ್ಕಿನ ಹಳೇ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಬೂಸ್ಟರ್ ಇಟ್ಟವರ ಮನೆಯೊಳಗೆ ಮಾತ್ರ ಅದು ಏರುತ್ತದೆ, ಆದರೆ ಅಷ್ಟನ್ನೂ ಸಾಲಿನಿಂದಲೇ ಎಳೆದುಕೊಳ್ಳುತ್ತದೆ. ಬೀದಿ ನಲ್ಲಿಗೆ ಒಬ್ಬರು ಮೋಟರ್ ಹಚ್ಚಿದರೆ ಪಕ್ಕದ ಮನೆಯ ಕೊಡ ತುಂಬುವುದಿಲ್ಲವಲ್ಲ, ಹಾಗೆ. ಪಾರ್ಕಿನಲ್ಲಿ ಅದನ್ನು ಹಚ್ಚಕೂಡದೆಂಬ ನಿಯಮವಿತ್ತು. ಕ್ಲಿಯೋ ಕದ್ದು ಹಚ್ಚಿದ್ದಳು, ಸಿಕ್ಕಿಬಿದ್ದಿದ್ದಳು. ಈಗ ಪೊಲೀಸ್ ಡೆಪ್ಯುಟಿ ಲೈಲ್ ಆಕ್ಸ್‌ನರ್ ಮಧ್ಯಾಹ್ನ ಬಂದು ಅವಳನ್ನು ಠಾಣೆಗೆ ಕರೆದೊಯ್ಯುವವನಿದ್ದ. ನೆರೆಯವರಂತೂ ಅವಳ ಮುಖಕ್ಕೇ ಕೊಲೆಗಾತಿ ಎಂದಿದ್ದರು.

ಇಮೊಜೀನ್‌ಗೆ ಅದು ಸಹಿಸಲಾಗಿರಲಿಲ್ಲ. ಈಗ ಅವಳು ಪಾರ್ಕಿನ ಉಸ್ತುವಾರಿ ನೋಡಿಕೊಳ್ಳುವ ನಿವೃತ್ತ ಹೆಂಗಸು, ನಿಜ. ಆದರೆ ಅದಕ್ಕೆ ಮೊದಲು ವರ್ಷಗಟ್ಟಲೆ ವಿಮಾ ಕಂಪನಿಗಾಗಿ ಸುಟ್ಟ ಮನೆಗಳ ಬೂದಿ ಕೆದಕಿ ಸುಳ್ಳು ಹೆಕ್ಕಿದವಳು. ಎಲ್ಲರೂ ಒಂದೇ ಮಾತು ಹೇಳತೊಡಗಿದರೆ ಅವಳಿಗೆ ನಿದ್ದೆ ಬರುವುದಿಲ್ಲ. ಎರಡು ರಾತ್ರಿಯಿಂದ ಬಂದಿರಲೂ ಇಲ್ಲ.

ಕಂಬದ ಕೆಳಗೆ, ಬೀಗ ಹಾಕಿದ ಸರಪಳಿಯಲ್ಲಿ ವೋಲ್ಟೇಜ್ ಗಾರ್ಡ್ ತೂಗುತ್ತಿತ್ತು. ಹಳದಿ ಪ್ಲಾಸ್ಟಿಕ್ಕಿನ, ಇಟ್ಟಿಗೆ ಗಾತ್ರದ ಡಬ್ಬ.

ಟ್ರೇಲರ್ ಜನಕ್ಕೆ ಗಾರ್ಡ್ ಎಂದರೆ ಮನೆದೇವರಿದ್ದ ಹಾಗೆ. ಮೊದಲು ಕಂಬಕ್ಕೆ ಗಾರ್ಡ್, ಆಮೇಲೆ ಗಾರ್ಡಿಗೆ ಮನೆಯ ವಯರು. ವೋಲ್ಟೇಜ್ ಕುಸಿದರೆ ಅದು ಕರೆಂಟು ಕಡಿದು ಏಸಿ, ಫ್ರಿಜ್ಜು ಸುಡದಂತೆ ಕಾಯುತ್ತದೆ. ವೋಲ್ಟೇಜ್ ಸರಿಹೋದ ಒಂದೆರಡು ನಿಮಿಷಕ್ಕೆ ತಾನಾಗಿ ಮತ್ತೆ ಕೊಡುತ್ತದೆ. ಅದು ಕಾಯುವುದು ಏಸಿಯನ್ನು, ಏಸಿಯ ಕೆಳಗೆ ಮಲಗಿದವನನ್ನಲ್ಲ. ಶನಿವಾರದ ತನಕ ಈ ಮಾತು ಯಾರ ತಲೆಗೂ ಬಂದಿರಲಿಲ್ಲ.

ಇಮೊಜೀನ್ ಕಂಬದ ಪಕ್ಕದ ಪ್ಲಗ್ ತೂತಿಗೆ ತನ್ನ ಪುಟ್ಟ ಮೀಟರ್ ಚುಚ್ಚಿದಳು. ಬೆಳಗಿನ ಹೊತ್ತು, ಅರ್ಧ ಪಾರ್ಕು ಕೆರೆಯಲ್ಲಿ ಮೀನು ಹಿಡಿಯುತ್ತಿತ್ತು. ಮೀಟರ್ ನೂರಹದಿನೆಂಟು ವೋಲ್ಟ್ ತೋರಿಸಿತು. ಅಮೆರಿಕದ ನೂರಿಪ್ಪತ್ತು ವೋಲ್ಟಿನ ಲೆಕ್ಕಕ್ಕೆ ಬೇಕಾದಷ್ಟಾಯಿತು.

"ಬರ್ಟ್, ಈ ಗಾರ್ಡ್ ಏನು ತೋರಿಸ್ತಿದೆ ಓದು."

ಬರ್ಟ್ ಕನ್ನಡಕ ಹಣೆಗೇರಿಸಿ ಬಗ್ಗಿದ. "ವೋಲ್ಟೇಜ್ ಕಮ್ಮಿ ಅಂತಿದೆ."

"ಈಗಲೂ?"

"ಈಗಲೂ. ಹುಚ್ಚು ಹಿಡಿದಿದೆ ಇದಕ್ಕೆ."

"ಹುಚ್ಚಲ್ಲ, ಸತ್ತಿದೆ. ಒಂದ್ಸಲ ಕಡಿದ್ರೆ ಮತ್ತೆ ಕೊಡೋದಿಲ್ಲ ಇದು. ಶನಿವಾರ ಸಾಲಿನಲ್ಲಿ ಎಲ್ಲರ ಏಸಿಯೂ ನಿಂತಿತ್ತು, ಎಲ್ಲರದ್ದೂ ವಾಪಸ್ ಬಂತು. ಕ್ಲಿಯೋಳ ಬೂಸ್ಟರಿಂದ ಸತ್ತಿದ್ರೆ ಇಡೀ ಸಾಲೇ ಸಾಯಬೇಕಿತ್ತಲ್ಲ?"

ವೆರ್ನನ್‌ನ ಕೀಲಿಗೊಂಚಲು ಉಸ್ತುವಾರಿಯವಳಾದ ಅವಳ ಬಳಿಯೇ ಇತ್ತು. ಬೀಗ ತೆಗೆದಳು, ಸಲೀಸಾಗಿ ತೆರೆಯಿತು. ಗಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ಹೂವೆಲ್ಲಿ?"

ವೆರ್ನನ್‌ನ ಹೆಂಡತಿ ರೂತ್ಆ್ಯನ್ ಬದುಕಿದ್ದಾಗ, ಗಾರ್ಡ್ ಕಳುವಾಗದಿರಲಿ ಎಂದು ಅದರ ನೆತ್ತಿಯ ಮೇಲೆ ಉಗುರುಬಣ್ಣದಲ್ಲಿ ನೀಲಿ ಹೂವೊಂದನ್ನು ಬರೆದಿದ್ದಳು. ಆ ಹೂವಿನ ಕಥೆ ಹೇಳದೆ ವೆರ್ನನ್ ಯಾರನ್ನೂ ಬಿಡುತ್ತಿರಲಿಲ್ಲ. ಈ ಗಾರ್ಡಿನ ನೆತ್ತಿ ಬೋಳಾಗಿತ್ತು.

ಅಷ್ಟೇ ಅಲ್ಲ. ಈ ಸಾಲಿನ ಕಂಬಗಳ ಮುಖ ಪಶ್ಚಿಮಕ್ಕೆ. ಸಂಜೆ ಬಿಸಿಲು ಗಾರ್ಡುಗಳ ಎದುರಿಗೇ ಬಡಿದು, ಒಂದೆರಡು ಬೇಸಿಗೆಯಲ್ಲಿ ಹಳದಿ ಮುಖವೆಲ್ಲ ಬಿಳಿಚಿಕೊಳ್ಳುತ್ತದೆ. ಇದರ ಮುಖ ಹೊಸ ನಿಂಬೆಹಣ್ಣಿನಂತೆ ಹೊಳೆಯುತ್ತಿತ್ತು. ಬಿಳಿಚಿದ್ದು ಬೆನ್ನು.

ಇಮೊಜೀನ್ ನಿಧಾನವಾಗಿ ತಲೆಯೆತ್ತಿ ಎದುರು ಸಾಲು ನೋಡಿದಳು. ಅಲ್ಲಿನ ಕಂಬಗಳು ಪೂರ್ವಕ್ಕೆ ಮುಖ ಮಾಡಿದ್ದವು. ಅವುಗಳ ಮುಖಕ್ಕೆ ಸಿಗುವುದು ಬೆಳಗಿನ ಎಳೆಬಿಸಿಲು; ಸುಡುವ ಸಂಜೆ ಬಿಸಿಲು ಬೀಳುವುದು ಬೆನ್ನಿಗೆ.

"ಯಾರೋ ಬದಲಾಯಿಸಿದ್ದಾರೆ ಬರ್ಟ್. ಅದೂ ಬೀಗ ಒಡೆಯದೆ."

"ಏನು ಪಿಸಿಪಿಸಿ ನಡೀತಿದೆ?"

ಹಿಂದೆ ಕ್ಲಿಯೋ ನಿಂತಿದ್ದಳು. ಅತ್ತು ಅತ್ತು ಊದಿದ ಕಣ್ಣು, ಒಂದು ಕೈಯಲ್ಲಿ ಐಸ್ ಹಾಕಿದ ಚಹಾದ ಜಗ್ಗು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಲೋಟಗಳು. ಊರೆಲ್ಲ ಉಗಿದರೂ ಉಪಚಾರ ಬಿಟ್ಟವಳಲ್ಲ ಅವಳು.

ಇಮೊಜೀನ್ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಕ್ಲಿಯೋ ಲೋಟಗಳನ್ನು ಹುಲ್ಲಿನ ಮೇಲೆ ಬೀಳಿಸಿ, ಅವಳನ್ನು ತಬ್ಬಿಕೊಂಡು ಬಿಕ್ಕಿದಳು. "ನಾನೇ ಕೊಂದೆ ಅಂದುಕೊಂಡಿದ್ದೆ ಚಿನ್ನ. ದೇವರಾಣೆಗೂ ನಾನೇ ಅಂದುಕೊಂಡಿದ್ದೆ." ಎರಡು ದಿನದಲ್ಲಿ ಮೊದಲ ಸಲ ಇಮೊಜೀನ್‌ಗೆ ತನ್ನ ಮೇಲೆ ಮೆಚ್ಚುಗೆಯಾಯಿತು.

"ಸಾಕು ಸಾಕು, ಐಸ್ ಕರಗ್ತಿದೆ," ಎಂದು ಬರ್ಟ್ ಲೋಟ ಎತ್ತಿ ಚಾಚಿದ. "ಶನಿವಾರ ಬೆಳಿಗ್ಗೆ ನೀನು ವೆರ್ನನ್‌ಗೆ ಅವನ ಮೆಟ್ಟಿಲ ಮೇಲೆ ಇದೇ ಜಗ್ಗಿಂದ ಬಗ್ಗಿಸಿ ಬಗ್ಗಿಸಿ ಕೊಡ್ತಿದ್ದೆ. ನೋಡಿ ಹೊಟ್ಟೆ ಉರಿದುಹೋಯ್ತು ನಂಗೆ. ಮುದುಕರಲ್ಲೂ ಭೇದಭಾವ ಮಾಡ್ತೀಯಲ್ಲ ನೀನು!"

ಕ್ಲಿಯೋಳ ಕೈಯಲ್ಲಿ ಜಗ್ಗು ಒಂದು ಕ್ಷಣ ನಿಂತಿತು. ಆಮೇಲೆ ಅವಳು ನಕ್ಕು, ಐಸ್ ಕಲಕುತ್ತ ಅತ್ತ ತಿರುಗಿ ಲೋಟ ತುಂಬಿದಳು. "ನಿನಗಿಲ್ಲದ ಚಹಾನಾ ಚಿನ್ನ? ತಗೋ, ಇನ್ನೊಂದು ಲೋಟ ತಗೋ."

ಬರ್ಟ್ ಎರಡೂ ಲೋಟ ಗಟಗಟನೆ ಕುಡಿದ. ಇಮೊಜೀನ್‌ಗೆ ಸಕ್ಕರೆ ಕಾಯಿಲೆ. ಚಮಚ ನೆಟ್ಟಗೆ ನಿಲ್ಲುವಷ್ಟು ಸಿಹಿಯಾದ ಆ ಚಹಾ ಅವಳಿಗೆ ವರ್ಜ್ಯ. ಅವಳು ಫೋನು ತೆಗೆದು ಲೈಲ್‌ಗೆ ಕರೆ ಮಾಡಿದಳು.

"ಮೇಡಂ, ಕೇಸು ಮುಗಿದ ಹಾಗೇನೇ," ಎಂದ ಲೈಲ್ ಬೇಸರದಿಂದ. "ಗಾರ್ಡಲ್ಲೇ ಬರೆದಿದೆ, ವೋಲ್ಟೇಜ್ ಕಮ್ಮಿ ಅಂತ. ನಾನೇ ಓದಿದ್ದೀನಿ."

"ಓದಿದ್ರಿ, ಒಪ್ಪಿದೆ. ಈಗ ವೋಲ್ಟೇಜ್ ಭರ್ತಿ ಇದೆ, ಅದು ಇನ್ನೂ ಅದನ್ನೇ ಹೇಳ್ತಿದೆ. ನಿಂತ ಗಡಿಯಾರ ನೋಡಿ ಹೊತ್ತು ಹೇಳ್ತೀರಾ ನೀವು?"

ಕೊನೆಗೆ ಅವನು, ಕ್ಲಿಯೋಳನ್ನು ಈಗ ಕರೆದೊಯ್ಯುವುದಿಲ್ಲ, ತಾನೇ ಬಂದು ಗಾರ್ಡನ್ನು ವಶಕ್ಕೆ ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಅದು ಜೋಪಾನ ಎಂದ.

ಬರ್ಟ್ ಆಕಳಿಸಿದ. "ಇಮ್ಮೀ, ಕಣ್ಣು ಎಳೀತಿದೆ ಕಣೇ. ಒಂದು ಸಣ್ಣ ನಿದ್ದೆ ತೆಗೀತೀನಿ."

"ಹೋಗು. ಹತ್ತು ಗಂಟೆಗೇ ನಿದ್ದೆ ಮಾಡೋ ಪುಣ್ಯ ಯಾರಿಗಿದೆ?" ಎಂದು ಅವಳು ಅವನ ಬೆನ್ನಿಗೆ ಹೇಳಿದಳು. ಅವನು ಕೈಬೀಸುತ್ತ ಸಾಲಿನ ತುದಿಯಲ್ಲಿದ್ದ ತಮ್ಮ ಟ್ರೇಲರಿನತ್ತ ಕಾಲೆಳೆದುಕೊಂಡು ಹೋದ. ಮನೆಯ ಕೀಲಿ ಎಂದಿನಂತೆ ಅವನ ಜೇಬಿನಲ್ಲೇ ಇತ್ತು.

"ಆ ಡಬ್ಬ ಎಲ್ಲಿಗೆ ಹೊತ್ತುಕೊಂಡು ತಿರುಗ್ತೀಯ?" ಎಂದಳು ಕ್ಲಿಯೋ. "ಕೊಡು, ನನ್ನ ಹತ್ತಿರ ಇರ್ಲಿ. ನನ್ನ ಪ್ರಾಣ ಉಳಿಸಿದ್ದು ಅದು. ಮಗು ಥರ ನೋಡಿಕೊಳ್ತೀನಿ."

ಇಮೊಜೀನ್ ಕೊಟ್ಟಳು.

ಎದುರು ಸಾಲಿನಲ್ಲಿ ವರ್ಷಾನುಗಟ್ಟಲೆ ಬೀಡುಬಿಟ್ಟವರು ಮೂವರೇ. ಅವರಲ್ಲಿ ಶನಿವಾರ ಏಸಿ ಸುಟ್ಟುಕೊಂಡವನು ಒಬ್ಬನೇ. ದಾರಿ ದಾಟುವಷ್ಟರಲ್ಲಿ ಇಮೊಜೀನ್‌ಳ ಮನಸ್ಸಿನಲ್ಲಿ ಹೆಸರು ಕೂತುಬಿಟ್ಟಿತ್ತು. ಅದು ಅವಳಿಗೆ ಸಂತೋಷದ ಹೆಸರೇನಲ್ಲ.

ಗಾರ್ಲಂಡ್ ಪ್ರೂವಿಟ್ ಹಡಗಿನಲ್ಲಿ ವಯರ್‌ಮನ್ ಆಗಿದ್ದವನು. ಪಾರ್ಕಿಗೆ ಹೊಸಬರು ಬಂದರೆ ಸಾಕು, ಅವರು ಗಾಡಿ ನಿಲ್ಲಿಸುವ ಮೊದಲೇ ಹಾಜರಾಗಿ "ಮೊದಲು ಗಾರ್ಡ್, ಆಮೇಲೆ ಪ್ಲಗ್" ಎಂದು ಪಾಠ ಶುರುಮಾಡುತ್ತಿದ್ದ. ಅವನ ಉಪದೇಶ ತಪ್ಪಿಸಿಕೊಳ್ಳಲು ಜನ ಕೆರೆಯ ಕಡೆಯಿಂದ ಸುತ್ತುಹಾಕಿ ಹೋಗುತ್ತಿದ್ದರು. ಅಂಥವನ ಏಸಿಯೇ ಸುಟ್ಟಿತ್ತು. ಬೋಧಿಸುವವನ ಮನೆಯಲ್ಲೇ ಬರಗಾಲ!

ಅವನು ಬಾಗಿಲು ತೆರೆದ. ಒಳಗೆ ಕಿಟಕಿಗೆ ಸಿಕ್ಕಿಸಿದ ಹೊಸ ಏಸಿ ಬುಸುಗುಡುತ್ತಿತ್ತು.

"ಬನ್ನಿ ಇಮೊಜೀನ್. ತಣ್ಣಗಿದೆ, ಕೂತುಕೊಳ್ಳಿ."

"ಹಳೇ ಏಸಿ ಏನಾಯ್ತು ಗಾರ್ಲಂಡ್?"

"ಮುದಿಯಾಗಿತ್ತು. ನನ್ನ ಹಾಗೆ."

"ವೋಲ್ಟೇಜ್ ಕುಸಿದಾಗ ಸುಟ್ಟಿದ್ದು ಅಂತ ನಿಮ್ಮ ಪಕ್ಕದವರು ಹೇಳಿದ್ರು. ಹೊಗೆ ಬಂತಂತೆ. ನಿಮ್ಮ ಗಾರ್ಡ್ ಏನು ಮಾಡ್ತಿತ್ತು?"

ಮೇಜಿನ ಮೇಲೆ ಮಾಂಸಕ್ಕೆ ಸವರುವ ಮಸಾಲೆಯ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅವನು ಒಂದರ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡತೊಡಗಿದ.

"ನಾನು ಹೇಳ್ತೀನಿ ಕೇಳಿ," ಎಂದಳು ಇಮೊಜೀನ್. "ನಿಮ್ಮ ಗಾರ್ಡ್ ನಿಮ್ಮ ಕಂಬದಲ್ಲಿ ಇರಲಿಲ್ಲ. ವೆರ್ನನ್‌ನ ಕಂಬದಲ್ಲಿತ್ತು. ಬೆನ್ನು ಬಿಸಿಲಿಗೆ ಬಿಳಿಚಿದೆ, ಈ ಸಾಲಿನ ಗಾರ್ಡುಗಳ ಹಾಗೆ. ಅವನ ಸರಪಳಿ, ಬೀಗ ಹಾಕಿಕೊಟ್ಟವರು ನೀವೇ. ಎರಡನೇ ಕೀಲಿ ಯಾರ ಹತ್ತಿರ ಇರುತ್ತೆ? ಹೂವಿನ ಗಾರ್ಡನ್ನ ನಿಮ್ಮ ಕಂಬಕ್ಕೆ ನೇತುಹಾಕೋ ಹಾಗಿಲ್ಲ, ಪಾರ್ಕಿನ ನಾಯಿಗೂ ಅದರ ಗುರುತಿದೆ. ಒಂದು ಮಧ್ಯಾಹ್ನ ತಾನೇ ಅಂತ ಗಾರ್ಡಿಲ್ಲದೆ ನೇರ ಪ್ಲಗ್ ಹಾಕಿಕೊಂಡ್ರಿ. ಅದಕ್ಕೇ ನಿಮ್ಮ ಏಸಿ ಸುಟ್ಟಿತು."

ಮುಚ್ಚಳ ಅವನ ಕೈತಪ್ಪಿ ಉರುಳಿ ನೆಲಕ್ಕೆ ಬಿತ್ತು.

ಅದೇ ಹೊತ್ತಿಗೆ ಕಿಟಕಿಯ ಏಸಿ ಒಮ್ಮೆ ನರಳಿ ನಿಂತುಹೋಯಿತು. ಹೊರಗೆ ಎರಡೂ ಸಾಲಿನ ಏಸಿಗಳು ಒಂದೊಂದಾಗಿ ಬಾಯಿಮುಚ್ಚಿದವು. ಕೆರೆಯಿಂದ ಜನ ಮರಳಿದ್ದರು, ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದ್ದರು, ವೋಲ್ಟೇಜ್ ಕುಸಿದಿತ್ತು. ಬೇಸಿಗೆಯಿಡೀ ಕಿವಿ ತುಂಬಿದ್ದ ಆ ಗುಂಯ್‌ಗುಡುವಿಕೆ ನಿಂತಿದ್ದೇ ಪಾರ್ಕು ಬೇರೆ ಯಾವುದೋ ಊರಿನಂತಾಯಿತು.

"ಬ್ರಿಸ್ಕೆಟ್," ಎಂದ ಗಾರ್ಲಂಡ್.

"ಏನು?"

"ಹಬ್ಬದ ಸ್ಪರ್ಧೆ. ದನದ ಎದೆಮಾಂಸ ಬೇಯಿಸೋದು. ಪ್ರತಿ ವರ್ಷ ವೆರ್ನನ್‌ನೇ ಗೆಲ್ಲೋದು. ಗೆದ್ದು ನನ್ನ ಬೆನ್ನು ತಟ್ಟಿ, 'ನಿನ್ನದು ಚಪ್ಪಲಿಗೆ ಆಗುತ್ತೆ ಮಾರಾಯ' ಅನ್ನೋದು, ಎಲ್ಲರೆದುರು." ಅವನ ದನಿ ಒಡೆಯಿತು. "ಅವನ ಫ್ರಿಜ್ ಬರೀ ಕರೆಂಟಿನದು, ಬೇರೆ ಟ್ರೇಲರುಗಳದ್ದರ ಹಾಗೆ ಗ್ಯಾಸಿಗೆ ತಿರುಗೋದಿಲ್ಲ. ಮಸಾಲೆ ಹಚ್ಚಿದ ಮಾಂಸ ಒಳಗಿತ್ತು. ನನ್ನ ಗಾರ್ಡ್ ಕೆಟ್ಟಿತ್ತು, ಒಂದ್ಸಲ ಕಡಿದ್ರೆ ಕಿತ್ತು ಮತ್ತೆ ಚುಚ್ಚೋ ತನಕ ವಾಪಸ್ ಕೊಡ್ತಿರಲಿಲ್ಲ. ಮಧ್ಯಾಹ್ನ ವೋಲ್ಟೇಜ್ ಕುಸಿಯುತ್ತೆ, ಫ್ರಿಜ್ ನಿಲ್ಲುತ್ತೆ, ಮಾಂಸ ಹಳಸುತ್ತೆ. ಅಷ್ಟೇ. ಅಷ್ಟೇ ನನಗೆ ಬೇಕಾಗಿದ್ದು!"

"ಒಳಗೆ ಮನುಷ್ಯ ಇದ್ದ ಗಾರ್ಲಂಡ್."

"ಇರಲಿಲ್ಲ! ಇರಬಾರದಾಗಿತ್ತು!" ಅವನು ಎದ್ದು ನಿಂತ, ಮತ್ತೆ ಕುಸಿದು ಕೂತ. ಕಣ್ಣಲ್ಲಿ ಸುರಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲೂ ಇಲ್ಲ. ಹಾಸಿಗೆಯ ಕೆಳಗೆ ಕೈಹಾಕಿ, ಟವೆಲ್ಲಿನಲ್ಲಿ ಸುತ್ತಿದ ಗಾರ್ಡನ್ನು ತೆಗೆದು ಅವಳ ಮಡಿಲಲ್ಲಿಟ್ಟ. ನೆತ್ತಿಯ ಮೇಲೆ ನೀಲಿ ಹೂವು. "ನಾನು ಅವನ ಪರಮಶತ್ರು ಅಂದುಕೊಂಡ್ರಾ? ಸಂಜೆಯಾದ್ರೆ ಇಬ್ಬರೂ ಒಟ್ಟಿಗೆ ಕೂತು ಇಸ್ಪೀಟ್ ಆಡ್ತಿದ್ವಿ. ಅವನು ದಿನವಿಡೀ ಇರೋದಿಲ್ಲ ಅಂತ ಗೊತ್ತಿದ್ದಕ್ಕೇ ಆ ಕೆಲಸ ಮಾಡಿದ್ದು. ಅವಳ ಟ್ರಕ್ ಹೋಗಿದ್ದನ್ನ ಕಣ್ಣಾರೆ ನೋಡಿದೆ. ಪಕ್ಕದ ಸೀಟಲ್ಲಿ ವೆರ್ನನ್‌ನ ಹುಲ್ಲು ಟೋಪಿ ಕಾಣಿಸ್ತು."

ಇಮೊಜೀನ್ ಮಡಿಲ ಗಾರ್ಡಿನಿಂದ ತಲೆಯೆತ್ತಿದಳು.

"ಯಾರ ಟ್ರಕ್?"

"ಕ್ಲಿಯೋದು. ಹಿಂದಿನ ದಿನವೇ ಹೇಳಿದ್ಲು, 'ಮುದುಕನ್ನ ನಮ್ಮ ಅಕ್ಕನ ಮನೆಗೆ ಊಟಕ್ಕೆ ಕರ್ಕೊಂಡು ಹೋಗ್ತೀನಿ, ಸಂಜೆ ತನಕ ಬರೋದಿಲ್ಲ' ಅಂತ. ನಕ್ಕೊಂಡು ಹೇಳಿದ್ಲು, 'ಅವನ ಫ್ರಿಜ್ ಕೈಕೊಟ್ರೆ ಈ ವರ್ಷ ನೀನೇ ಗೆಲ್ತೀಯ ಚಿನ್ನ' ಅಂತ. ನನ್ನ ಗಾರ್ಡ್ ಕೆಟ್ಟಿದೆ ಅಂತ ಗೊತ್ತಿದ್ದದ್ದೂ ಅವಳೊಬ್ಬಳಿಗೇ."

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾನು ಮಾಡಿದ್ದೂ ಹೇಳಬೇಕಲ್ಲ."

ಇಷ್ಟು ದಿನ ಕೇಳಬೇಕಾಗಿದ್ದ ಪ್ರಶ್ನೆಯೊಂದು ಇಮೊಜೀನ್‌ಳ ಎದುರು ಬಂದು ನಿಂತಿತು. ಸೆಕೆಯಾದರೆ ಯಾರಾದರೂ ಎದ್ದು ಬಾಗಿಲು ತೆರೆಯುತ್ತಾರೆ. ವೆರ್ನನ್ ಏಕೆ ಏಳಲಿಲ್ಲ? ಟ್ರಕ್ಕಿನಲ್ಲಿ ಕೂತಿದ್ದುದು ಬರೀ ಟೋಪಿ. ಮನುಷ್ಯ ಒಳಗೆ ಮಲಗಿದ್ದ. ಏಳಲಾಗದ ಹಾಗೆ ಮಲಗಿದ್ದ. ಅದಕ್ಕೆ ಮುಂಚೆ ಮೆಟ್ಟಿಲ ಮೇಲೆ ಕೂತು ಕ್ಲಿಯೋ ಕೊಟ್ಟ ಚಹಾ ಕುಡಿದಿದ್ದ.

ಬಗ್ಗಿಸಿ ಬಗ್ಗಿಸಿ ಕೊಡ್ತಿದ್ದೆ ಎಂದು ಬರ್ಟ್ ಹೇಳಿದ್ದ. ಕ್ಲಿಯೋಳ ಮುಖ ನೋಡಿಕೊಂಡೇ ಹೇಳಿದ್ದ, ಪೆದ್ದ. ಆಮೇಲೆ ಎರಡು ಲೋಟ ಕುಡಿದಿದ್ದ.

ಹೊರಗೆ ಏಸಿಗಳು ಮರಳತೊಡಗಿದವು. ಮೊದಲು ಗೇಟಿನ ಹತ್ತಿರದ್ದು, ಆಮೇಲೆ ಅದರ ಪಕ್ಕದ್ದು, ಒಂದರ ಹಿಂದೊಂದು. ಇಮೊಜೀನ್ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಸಾಲಿನ ತುದಿಯ ತಮ್ಮ ಏಸಿಯ ಸದ್ದು ಅವಳಿಗೆ ಗಂಡನ ಗೊರಕೆಯಷ್ಟೇ ಪರಿಚಿತ. ಶುರುವಾಗುವಾಗ ಎರಡು ಸಲ ಕೆಮ್ಮುತ್ತದೆ.

ಕೆಮ್ಮಲಿಲ್ಲ. ಇನ್ನೂ ಸ್ವಲ್ಪ ಕಾದಳು. ಕೆಮ್ಮಲಿಲ್ಲ.

"ಲೈಲ್‌ಗೆ ಫೋನ್ ಮಾಡಿ!" ಎಂದು ಗಾರ್ಲಂಡ್‌ಗೆ ಕೂಗಿ ಅವಳು ಓಡಿದಳು. ಅರವತ್ತಾರರ ಮಂಡಿಗಳು ಬೇಡವೆಂದವು, ಆದರೂ ಓಡಿದಳು. ಜಲ್ಲಿ ಕಲ್ಲು ಚಪ್ಪಲಿಯೊಳಗೆ ಸೇರಿತು. ಸಾಯಲಿ ಎಂದು ಚಪ್ಪಲಿಯನ್ನೇ ಬಿಟ್ಟಳು, ಅಂಗಾಲು ಸುಟ್ಟಿತು. ತಾನೇ ಗಾರ್ಡನ್ನು ಕ್ಲಿಯೋಳ ಕೈಗೆ ಕೊಟ್ಟಿದ್ದು. ತಾನೇ ಲೈಲ್‌ನನ್ನು ತಡೆದಿದ್ದು. ಊರಿಗೆಲ್ಲ ಬುದ್ಧಿ ಹೇಳುವ ತಾನೇ.

ತಮ್ಮ ಕಂಬದ ಮುಚ್ಚಳ ತೆರೆದಿತ್ತು. ಬರ್ಟ್ ಎಂದೂ ಗಾರ್ಡಿಗೆ ಸರಪಳಿ ಹಾಕಿದವನಲ್ಲ. ಕೀಲಿ ಕಳೆದುಕೊಳ್ಳುವವನಿಗೆ ಬೀಗ ಯಾಕೆ ಎಂದು ನಗುತ್ತಿದ್ದ. ಅಲ್ಲಿ ತೂಗುತ್ತಿದ್ದ ಗಾರ್ಡ್ ಹೊಸ ನಿಂಬೆಹಣ್ಣಿನಂತೆ ಹೊಳೆಯಿತು. ಅವಳು ಅದನ್ನು ತಿರುಗಿಸಿದಳು. ಬೆನ್ನು ಬಿಳಿಚಿತ್ತು.

"ಬರ್ಟ್!" ಬಾಗಿಲ ಹಿಡಿ ಜಗ್ಗಿದಳು. ಬೀಗ ಬಿದ್ದಿತ್ತು. ಎರಡೂ ಕೈಯಿಂದ ಬಡಿದಳು. "ಬರ್ಟ್! ಏಳೋ! ನನ್ನ ದೊರೆ, ಏಳೋ!"

ಒಳಗಿನಿಂದ ಉಸಿರೂ ಕೇಳಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು. ತಗಡಿನ ಗೋಡೆಗೆ ಕೆನ್ನೆಯಿಟ್ಟರೆ ಕೆನ್ನೆ ಸುಟ್ಟಿತು.

ಇನ್ನೊಂದು ಕೀಲಿ ಇದೆ. ನೆರೆಯವರಲ್ಲಿ ಒಂದು ಕೀಲಿ ಕೊಟ್ಟಿಡುವುದು ಪಾರ್ಕಿನ ರೂಢಿ. ವೆರ್ನನ್‌ನೂ ಕೊಟ್ಟಿದ್ದ, ಇಮೊಜೀನ್‌ಳೂ ಕೊಟ್ಟಿದ್ದಳು. ಇಬ್ಬರೂ ಕೊಟ್ಟಿದ್ದು ಒಬ್ಬಳಿಗೇ.

ಹಿಂದೆ ಐಸ್ ತುಂಡುಗಳು ಜಗ್ಗಿನೊಳಗೆ ಕಿಣಿಗುಟ್ಟಿದವು.

"ಮಲಗಿರ್ಲಿ ಬಿಡು ಚಿನ್ನ, ಪಾಪ, ದಣಿದಿದ್ದಾನೆ," ಎಂದಳು ಕ್ಲಿಯೋ. ಊದಿದ ಕಣ್ಣುಗಳಲ್ಲಿ ಈಗ ನೀರಿರಲಿಲ್ಲ. ಅವಳ ಕಿರುಬೆರಳಿಗೆ ಸಿಕ್ಕಿಸಿಕೊಂಡ ಕೀಲಿ ಬಿಸಿಲಿಗೆ ಮಿಂಚಿತು. ಇನ್ನೊಂದು ಕೈಯಿಂದ ಅವಳು ತುಂಬಿದ ಲೋಟವೊಂದನ್ನು ಮುಂದೆ ಚಾಚಿದಳು.

"ಕೀಲಿ ಬೇಕಲ್ವಾ? ಕೊಡ್ತೀನಿ. ಮೊದಲು ಇದನ್ನ ಕುಡಿ. ಒಂದು ದಿನ ಸಕ್ಕರೆ ತಗೊಂಡ್ರೆ ಏನೂ ಆಗೋದಿಲ್ಲ."